ಮಾನೋನ್ಮಾನ: ರಾಷ್ಟ್ರಗಳ ಆದಾಯವನ್ನು ತೂಗಿದ ಇತಿಹಾಸ

ಹಳೆಯ ಮುಂಬಯಿ ಇಲಾಖೆಯಲ್ಲಿ ಒಂದು ಮಣವೆಂದರೆ 28 ಪೌಂಡು. ಮದರಾಸಿನಲ್ಲಿ ಅದೇ ಮಣ 25 ಪೌಂಡು. ಬಂಗಾಳದಲ್ಲಿ 82 ಪೌಂಡಿಗೂ ತುಸು ಮೇಲು. ಹೆಸರು ಒಂದೇ ಆಗಿದ್ದರೂ ತೂಕ ಮೂರು ಬಗೆಯದು. ಹತ್ತು ಮಣ ಮಾಲು ಎಂದು ಪತ್ರ ಬಂದೊಡನೆ ಯಾವ ಊರಿನ ಮಣವೆಂದು ಕೇಳದೆ ಬೆಲೆ ಕಟ್ಟುವ ಅಡತಿ ವ್ಯಾಪಾರಿ ಆ ಕಾಲದಲ್ಲಿ ಬಹುದಿನ ಬಾಳುತ್ತಿರಲಿಲ್ಲ. ಮೆಟ್ರಿಕ್ ತೂಕಗಳು ಬಂದ ಮೇಲೆ ಈ ತೊಡಕು ಅಂಗಡಿಯಿಂದ ಮರೆಯಾಯಿತು. ಆದರೆ ಒಂದು ದೇಶದ ಆದಾಯವನ್ನು ಇನ್ನೊಂದು ದೇಶದ ಆದಾಯದೊಡನೆ, ಒಂದು ಕಾಲದ ಆದಾಯವನ್ನು ಮತ್ತೊಂದು ಕಾಲದ ಆದಾಯದೊಡನೆ ಹೋಲಿಸುವಾಗ ಅದೇ ತೊಡಕು ಇಂದಿಗೂ ಎದುರಾಗುತ್ತದೆ. ರೂಪಾಯಿ, ಪೌಂಡು, ಡಾಲರು ಎಂಬ ಹೆಸರುಗಳು ನಮ್ಮನ್ನು ಮಣದಂತೆಯೇ ಮೋಸಗೊಳಿಸಬಲ್ಲವು. ಕಳೆದ ಒಂದೂವರೆ ಶತಮಾನದಲ್ಲಿ ಭಾರತದ ಆದಾಯವನ್ನು ತೂಗಿದವರು ಯಾವ ಅಳತೆಗೋಲು ಹಿಡಿದಿದ್ದರು, ಅದರಿಂದ ಏನಾಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಪೂರ್ವಪೀಠಿಕೆ

ಅಳತೆಯ ವಿಷಯ ಜೈನ ಪರಂಪರೆಗೆ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ‘ಹೀನಾಧಿಕಮಾನೋನ್ಮಾನ’ವೂ ಸೇರಿದೆ. ಸೇರು, ಪಾಯಲಿಯಂತಹ ಅಳತೆ ಮಾನ. ತಕ್ಕಡಿಯ ತೂಕ ಉನ್ಮಾನ. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ ಬಳಸುವುದು ಕಳವಿನ ಒಂದು ರೂಪವೆಂದೇ ಆಚಾರ್ಯರು ತಿಳಿದರು.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಲೆಕ್ಕಕ್ಕೆ ತೊಡಗುವ ಮುನ್ನ ಅವರು ಪರಿಭಾಷೆಯನ್ನು ನಿಶ್ಚಯಿಸುತ್ತಾರೆ. ಕ್ಷೇತ್ರದ ಅಳತೆ, ಕಾಲದ ಅಳತೆ, ಧಾನ್ಯದ ಅಳತೆ, ಚಿನ್ನ ಬೆಳ್ಳಿಗಳ ತೂಕ, ಇವೆಲ್ಲ ಗೊತ್ತಾದ ಮೇಲೆಯೇ ಕೂಡುವ ಕಳೆಯುವ ಮಾತು. ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದ 12ನೆಯ ಶತಮಾನದ ಜೈನ ಕವಿ ರಾಜಾದಿತ್ಯ ಪೂವಿನಬಾಗೆಯವನು, ಆ ಊರನ್ನು ಇಂದಿನ ರಾಯಬಾಗವೆಂದು ಗುರುತಿಸಿರುವ ವಿದ್ವಾಂಸರಿದ್ದಾರೆ. ಆ ಗುರುತು ಸರಿಯಾದಲ್ಲಿ, ಕನ್ನಡದ ಮೊದಲ ಗಣಿತಜ್ಞ ಶೇಡಬಾಳದ ನೆರೆಹೊರೆಯವನೇ ಆಗುತ್ತಾನೆ. ಮೊದಲು ಅಳತೆ, ಬಳಿಕ ಲೆಕ್ಕ ಎಂಬ ಈ ಕ್ರಮವನ್ನು ಮುಂದಿನ ಕಥನದ ಉದ್ದಕ್ಕೂ ನೆನಪಿನಲ್ಲಿಡಬೇಕು.

ಬಂದಿಯ ಊಟ ಮತ್ತು ಪ್ರಜೆಯ ಊಟ

ಭಾರತದ ಆದಾಯವನ್ನು ಮೊದಲು ಕ್ರಮಬದ್ಧವಾಗಿ ಲೆಕ್ಕ ಹಾಕಿದವರು ದಾದಾಭಾಯಿ ನವರೋಜಿ. 1876ರಲ್ಲಿ ಮುಂಬಯಿಯಲ್ಲಿ ಓದಿದ ‘ಭಾರತದ ಬಡತನ’ ಎಂಬ ಪ್ರಬಂಧದಲ್ಲಿ ಅವರು ಬ್ರಿಟಿಷ್ ಭಾರತದ ಒಂದೊಂದು ಪ್ರಾಂತದ ಬೆಳೆಯನ್ನೂ ಅದರ ಬೆಲೆಯನ್ನೂ ಹಿಡಿದು ಗುಣಿಸಿದರು. ಸುಮಾರು 17 ಕೋಟಿ ಜನಕ್ಕೆ 340 ಕೋಟಿ ರೂಪಾಯಿ, ತಲೆಗೆ ವರ್ಷಕ್ಕೆ 20 ರೂಪಾಯಿ ಎಂಬುದು 1867-70ರ ಸುಮಾರಿಗೆ ಅವರು ಕಂಡ ಮೊತ್ತ.

ನವರೋಜಿಯವರ ಹೆಚ್ಚುಗಾರಿಕೆ ಇರುವುದು ಈ ಇಪ್ಪತ್ತು ರೂಪಾಯಿಯಲ್ಲಿ ಅಲ್ಲ; ಅದರ ಪಕ್ಕದಲ್ಲಿ ಅವರು ಇರಿಸಿದ ಇನ್ನೊಂದು ಅಂಕಿಯಲ್ಲಿ. ಸರಕಾರದ ಸೆರೆಮನೆಗಳಲ್ಲಿ ಒಬ್ಬ ಬಂದಿಯ ಊಟಕ್ಕೂ ಬಟ್ಟೆಗೂ ಆಗುವ ಖರ್ಚನ್ನು ಅವರು ಸರಕಾರಿ ವರದಿಗಳಿಂದಲೇ ಹೆಕ್ಕಿದರು. ಆ ಖರ್ಚು 20 ರೂಪಾಯಿಯನ್ನು ಮೀರುತ್ತಿತ್ತು. ಮುಂಬಯಿ, ಮದರಾಸು ಪ್ರಾಂತಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚಿತ್ತು. ತಪ್ಪು ಮಾಡಿ ಸೆರೆ ಸೇರಿದವನಿಗೆ ಸರಕಾರ ಅತ್ಯಗತ್ಯವೆಂದು ಕೊಡುವಷ್ಟು ಅನ್ನ ಬಟ್ಟೆ ತಪ್ಪು ಮಾಡದ ಪ್ರಜೆಗೆ ಸರಾಸರಿಯಾಗಿ ದೊರೆಯುತ್ತಿರಲಿಲ್ಲ ಎಂಬುದು ಇದರ ತಾತ್ಪರ್ಯ. ಇಂಗ್ಲೆಂಡಿನ ಪೌಂಡಿನೊಡನೆ ಹೋಲಿಸುವ ಮುನ್ನವೇ ಅವರು ರೂಪಾಯಿಯನ್ನು ಹೊಟ್ಟೆಯ ಅಳತೆಗೆ ಒಡ್ಡಿದ್ದರು. ಹಣದಿಂದ ಏನು ದೊರೆಯುತ್ತದೆ ಎಂದು ಕೇಳುವ ಈ ವಿಧಾನವನ್ನು ಜಗತ್ತಿನ ಅರ್ಥಶಾಸ್ತ್ರಜ್ಞರು ವ್ಯವಸ್ಥಿತ ರೂಪದಲ್ಲಿ ಕೈಗೊಂಡದ್ದು ಸುಮಾರು ನೂರು ವರ್ಷಗಳ ಬಳಿಕ.

ಆಡಳಿತಗಾರರು ಸುಮ್ಮನಿರಲಿಲ್ಲ. 1882ರಲ್ಲಿ ಬೇರಿಂಗ್ ಮತ್ತು ಬಾರ್ಬರ್ ತಲೆಗೆ 27 ರೂಪಾಯಿ ಎಂದರು. 1901ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ 30 ರೂಪಾಯಿ ಎಂದು ಸಾರಿ, ದೇಶ ಏಳಿಗೆ ಹೊಂದುತ್ತಿದೆಯೆಂದು ವಾದಿಸಿದ. ಅದೇ ವರ್ಷ ವಿಲಿಯಂ ಡಿಗ್ಬಿ ಪ್ರಕಟಿಸಿದ ಗ್ರಂಥದಲ್ಲಿ ಆ ಅಂಕಿ 20 ರೂಪಾಯಿಗೂ ಕಡಿಮೆ. ನಡುವೆ 1876-78ರ ಮಹಾಕ್ಷಾಮ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಬರಿದುಮಾಡಿ ಹೋಗಿತ್ತು. 1896ರಿಂದ 1900ರವರೆಗೆ ಮತ್ತೆ ಬರಗಳು ಬಂದವು. ಒಂದೇ ಜನ, ಒಂದೇ ನೆಲ, ಒಂದೇ ಕಾಲ. ಆಳುವವನ ಪಾಯಲಿಗೆ ಹೆಚ್ಚು ಕಂಡದ್ದು ಟೀಕಿಸುವವನ ಪಾಯಲಿಗೆ ಕಡಿಮೆ ಕಂಡಿತು. ಬೆಳೆಯ ಲೆಕ್ಕ ಊಹೆಯ ಮೇಲೆ ನಿಂತಿದ್ದಾಗ ಉದ್ದೇಶವು ಅಂಕಿಯನ್ನು ಎಳೆಯುವುದು ಸುಲಭ. ಮೊದಲು ಬೇಕಾದದ್ದು ಪಕ್ಷಪಾತವಿಲ್ಲದ ಲೆಕ್ಕಿಗ.

ವಿ.ಕೆ.ಆರ್.ವಿ. ರಾವ್ ಅವರ ಲೆಕ್ಕ

ಆ ಕೊರತೆಯನ್ನು ತುಂಬಿದವರು ಕನ್ನಡ ಮನೆತನದ ವಿಜಯೇಂದ್ರ ಕಸ್ತೂರಿರಂಗ ವರದರಾಜ ರಾವ್. 1908ರಲ್ಲಿ ಕಂಚಿಯಲ್ಲಿ ಜನಿಸಿ, ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದ ಅವರು ಮುಂದೆ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸನ್ನೂ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನೂ ಕಟ್ಟಿದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರ ಸಚಿವರೂ ಆದರು. 1940ರಲ್ಲಿ ಪ್ರಕಟವಾದ ಅವರ ಗ್ರಂಥ 1931-32ರ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನು ಕುರಿತದ್ದು. ಒಟ್ಟು ಮೊತ್ತ ಸುಮಾರು 1,689 ಕೋಟಿ ರೂಪಾಯಿ, ತಲಾ ಸುಮಾರು 62 ರೂಪಾಯಿ. ಈ ಮೊತ್ತ ಶೇಕಡಾ 6ರಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು ಎಂದು ರಾವ್ ಅವರೇ ಸೂಚಿಸಿದರು. ತನ್ನ ತಕ್ಕಡಿಯ ದೋಷವನ್ನು ತಾನೇ ಗಿರಾಕಿಗೆ ತಿಳಿಸುವ ವ್ಯಾಪಾರಿಯ ಪ್ರಾಮಾಣಿಕತೆ ಇದು. ಹಿಂದಿನ ಆಡಳಿತಗಾರರ ಘೋಷಣೆಗಳಲ್ಲಿ ಅದು ಕಾಣಸಿಗದು.

ಗ್ರಂಥದ ಹೆಸರಿನಲ್ಲಿಯೇ ಇರುವ ‘ಬ್ರಿಟಿಷ್ ಭಾರತ’ ಎಂಬ ಮಾತನ್ನೂ ಗಮನಿಸಬೇಕು. ದೇಶೀಯ ಸಂಸ್ಥಾನಗಳು ಈ ಲೆಕ್ಕದಲ್ಲಿಲ್ಲ. ಶೇಡಬಾಳದ ಆಸುಪಾಸಿನ ಅಂದಿನ ನಕಾಶೆಯನ್ನು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಅಥಣಿ, ಚಿಕ್ಕೋಡಿ ತಾಲೂಕುಗಳು ಬ್ರಿಟಿಷ್ ಆಡಳಿತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ಮಿರಜ, ಸಾಂಗಲಿ, ಕುರುಂದವಾಡಗಳು ಬೇರೆ ಬೇರೆ ಪಟವರ್ಧನ ಮನೆತನಗಳ ಸಂಸ್ಥಾನಗಳು. ಒಂದೇ ಕೃಷ್ಣೆಯ ನೀರು, ಒಂದೇ ಕರಿಮಣ್ಣು, ಎರಡೂ ಕಡೆ ಬೀಗತನ ಬೆಳೆಸಿದ ಅದೇ ಜೈನ ಕುಟುಂಬಗಳು. ಆದರೂ ಅಥಣಿಯ ಜೋಳ ಆ ಲೆಕ್ಕದಲ್ಲಿ ಸೇರುತ್ತದೆ, ರಾಯಬಾಗದ ಜೋಳ ಸೇರುವುದಿಲ್ಲ. ಆದಕಾರಣ 1931-32ರ ಭಾರತವನ್ನು ಇಂದಿನ ಭಾರತದೊಡನೆ ಹೋಲಿಸುವವರು ಮೊದಲು ಎಲ್ಲೆಯನ್ನು ಕೇಳಬೇಕು. ಎಲ್ಲೆ ಬದಲಾದರೆ ಮೊತ್ತ ಬದಲಾಗುತ್ತದೆ. ಅದಕ್ಕೆ ಏಳಿಗೆಯೂ ಕಾರಣವಲ್ಲ, ಇಳಿಕೆಯೂ ಕಾರಣವಲ್ಲ.

ರೂಪಾಯಿ ಬೆಳೆದ ಕಾಲ

ರಾವ್ ಅವರು ಇದಕ್ಕೂ ಮೊದಲು 1925-29ರ ಅವಧಿಗೆ ಮಾಡಿದ ಅಂದಾಜು ತಲೆಗೆ ಸುಮಾರು 76 ರೂಪಾಯಿ. ಎರಡರ ವಿಧಾನಗಳಲ್ಲಿ ಕೆಲವು ಭೇದಗಳಿದ್ದರೂ, 76ರಿಂದ 62ಕ್ಕೆ ಇಳಿದದ್ದನ್ನು ಕಂಡವರು ದೇಶದ ಬೆಳೆಯೇ ಅಷ್ಟು ಕುಗ್ಗಿತೆಂದು ತಿಳಿಯಬಹುದು. ವಸ್ತುಸ್ಥಿತಿ ಹಾಗಿರಲಿಲ್ಲ. ನಡುವೆ ಬಂದದ್ದು 1929ರ ಜಾಗತಿಕ ಮಹಾಕುಸಿತ. ಎರಡು ವರ್ಷಗಳಲ್ಲಿ ಧಾರಣೆಗಳು ಮೂರನೆಯ ಒಂದು ಭಾಗದಷ್ಟು ಬಿದ್ದವು. ಹೊಲದ ಮಾಲಿನ ಬೆಲೆ ಇನ್ನೂ ಕೆಳಗಿಳಿಯಿತು. ಹೊಲದಲ್ಲಿ ಬೆಳೆದ ಜೋಳ ಬಹುಮಟ್ಟಿಗೆ ಹಿಂದಿನಷ್ಟೇ ಇತ್ತು. ಕುಗ್ಗಿದ್ದು ಅದಕ್ಕೆ ಬರುವ ರೂಪಾಯಿಗಳ ಸಂಖ್ಯೆ. ಕಾಲಕಾಲದ ಆದಾಯವನ್ನು ಹೋಲಿಸಬೇಕಾದರೆ ಒಂದು ವರ್ಷದ ಬೆಲೆಯನ್ನು ಸ್ಥಿರವಾಗಿ ಹಿಡಿದು ಎರಡೂ ವರ್ಷಗಳ ಉತ್ಪನ್ನವನ್ನು ಆ ಬೆಲೆಯಲ್ಲೇ ತೂಗಬೇಕು ಎಂಬ ನಿಯಮ ಇದರಿಂದಲೇ ಅಗತ್ಯವಾಗುತ್ತದೆ.

ಹಾಗಾದರೆ ರೂಪಾಯಿಯ ಇಳಿಕೆ ಬರಿಯ ಕಾಗದದ ಇಳಿಕೆಯೇ? ಹಾಗೆಂದು ತೀರ್ಮಾನಿಸಿದರೂ ತಪ್ಪಾದೀತು. ಸರಕಾರದ ಕಂದಾಯ ಮೂವತ್ತು ವರ್ಷಗಳಿಗೊಮ್ಮೆ ರೂಪಾಯಿಯಲ್ಲಿ ನಿಗದಿಯಾಗುತ್ತಿತ್ತು. ಸಾವುಕಾರನ ಸಾಲಪತ್ರವೂ ರೂಪಾಯಿಯದೇ. ಲೆಕ್ಕದ ಸೌಕರ್ಯಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಜೋಳ ಮಣಕ್ಕೆ ಎರಡೂವರೆ ರೂಪಾಯಿ ಇದ್ದಾಗ ರೈತನೊಬ್ಬ ನೂರು ರೂಪಾಯಿ ಸಾಲ ಪಡೆದರೆ ಅವನು ಪಡೆದದ್ದು ನಲವತ್ತು ಮಣ. ಧಾರಣೆ ಒಂದೂವರೆಗೆ ಇಳಿದಾಗ ಆ ನೂರು ರೂಪಾಯಿ ತೀರಿಸಲು ಬಡ್ಡಿಯನ್ನು ಬಿಟ್ಟೇ ಅರವತ್ತಾರು ಮಣಕ್ಕೂ ಹೆಚ್ಚು ಮಾರಬೇಕು. ಪತ್ರದಲ್ಲಿ ಒಂದಕ್ಷರ ಬದಲಾಗಿಲ್ಲ, ಕಿರ್ದಿ ಖತಾವಣಿ ಶುದ್ಧವಾಗಿದೆ, ತಕ್ಕಡಿಯೂ ನೇರವಾಗಿದೆ. ಆದರೂ ಕೊಡುವಾಗಿನ ಅಳತೆ ಕಿರಿದು, ಕೊಳ್ಳುವಾಗಿನ ಅಳತೆ ಹಿರಿದು ಆಗಿಹೋಯಿತು. ಅಂದು ಸಾಲ ಕೊಟ್ಟವರಲ್ಲಿ ಎಲ್ಲ ಸಮಾಜಗಳ ವರ್ತಕರೂ ಇದ್ದರು. ಶ್ರಾವಕರು ಇರಲಿಲ್ಲವೆಂದು ಹೇಳುವಂತಿಲ್ಲ. ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ರೈತರ ಋಣಪರಿಹಾರ ಕಾಯಿದೆ ಬರಬೇಕಾಯಿತು. ವ್ರತದ ಅಕ್ಷರವನ್ನು ಪಾಲಿಸಿದವನೂ ಅದರ ಆಶಯದಿಂದ ದೂರ ಸರಿಯಬಹುದೆಂಬುದಕ್ಕೆ ಆ ದಶಕ ಸಾಕ್ಷಿ.

ಡಾಲರಿನ ತಕ್ಕಡಿ

ಸ್ವಾತಂತ್ರ್ಯದ ಬಳಿಕ 1949ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿತು. ಪಿ.ಸಿ. ಮಹಲನೋಬಿಸ್ ಅಧ್ಯಕ್ಷರು, ಡಿ.ಆರ್. ಗಾಡಗೀಳ ಮತ್ತು ವಿ.ಕೆ.ಆರ್.ವಿ. ರಾವ್ ಸದಸ್ಯರು. 1954ರ ಅಂತಿಮ ವರದಿಯಂತೆ 1948-49ರ ಆದಾಯ 8,650 ಕೋಟಿ ರೂಪಾಯಿ, ತಲಾ ಸುಮಾರು 247 ರೂಪಾಯಿ. 62ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು. ಆದರೆ ಯುದ್ಧಕಾಲದಲ್ಲಿ ಧಾರಣೆಗಳೂ ಹಲವು ಪಟ್ಟು ಏರಿದ್ದವೆಂಬುದನ್ನು ಅರಿತವರು ಈ ನಾಲ್ಕು ಪಟ್ಟಿಗೆ ಮರುಳಾಗಲಾರರು.

ಕಾಲಗಳ ಹೋಲಿಕೆಗೆ ಸ್ಥಿರ ಬೆಲೆ ಒದಗಿದರೂ, ದೇಶಗಳ ಹೋಲಿಕೆಗೆ ಬೇರೆಯೇ ಅಳತೆ ಬೇಕಿತ್ತು. ರೂಪಾಯಿಯನ್ನು ವಿನಿಮಯ ದರದಂತೆ ಡಾಲರಿಗೆ ಪರಿವರ್ತಿಸುವುದು ಅತಿ ಸುಲಭದ ಮಾರ್ಗ. ಅದರ ಕುಂದು 1966ರ ಜೂನ್ 6ರಂದು ಎಲ್ಲರಿಗೂ ಕಾಣಿಸಿತು. ಅಂದು ರೂಪಾಯಿಯ ಅಪಮೌಲ್ಯವಾಗಿ, 4.76 ರೂಪಾಯಿಗೆ ದೊರೆಯುತ್ತಿದ್ದ ಡಾಲರು 7.50 ರೂಪಾಯಿ ಆಯಿತು. ಡಾಲರಿನಲ್ಲಿ ಅಳೆದರೆ ಭಾರತೀಯನ ಆದಾಯ ಒಂದೇ ರಾತ್ರಿಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಇಳಿಯಿತು. ಉಗಾರದ ಸಕ್ಕರೆ ಕಾರಖಾನೆಯ ಗೋದಾಮಿನಿಂದ ಒಂದು ಚೀಲವೂ ಕಡಿಮೆಯಾಗಿರಲಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಒಂದು ಬೋದೂ ಕರಗಿರಲಿಲ್ಲ.

ವಿನಿಮಯ ದರ ಬಹುಮಟ್ಟಿಗೆ ಬಂದರು ದಾಟುವ ಸರಕುಗಳನ್ನೂ ಗಡಿ ದಾಟುವ ಬಂಡವಾಳವನ್ನೂ ಅನುಸರಿಸುತ್ತದೆ. ಶೇಡಬಾಳದ ಕ್ಷೌರಿಕನ ಕೂಲಿ, ದರ್ಜಿಯ ಹೊಲಿಗೆ, ಶಾಲೆಯ ಮಾಸ್ತರರ ಪಾಠ ಬಂದರು ದಾಟುವುದಿಲ್ಲ. ಅಮೆರಿಕದ ಕ್ಷೌರಿಕನು ಮಾಡುವ ಅದೇ ಕೆಲಸಕ್ಕೆ ಅಲ್ಲಿ ಹಲವು ಪಟ್ಟು ಹಣ. ಕೆಲಸ ಒಂದೇ ಆದ ಮೇಲೆ ಅದನ್ನು ಒಂದೇ ಬೆಲೆಯಲ್ಲಿ ಎಣಿಸುವುದು ನ್ಯಾಯ. ಈ ವಿಚಾರವನ್ನು ಹಿಡಿದು 1968ರಲ್ಲಿ ವಿಶ್ವಸಂಸ್ಥೆಯೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯವೂ ಕೂಡಿ ಅಂತರರಾಷ್ಟ್ರೀಯ ಹೋಲಿಕಾ ಕಾರ್ಯಕ್ರಮವನ್ನು ಆರಂಭಿಸಿದವು. ಇರ್ವಿಂಗ್ ಕ್ರಾವಿಸ್, ಅಲನ್ ಹೆಸ್ಟನ್, ರಾಬರ್ಟ್ ಸಮ್ಮರ್ಸ್ ಎಂಬ ಮೂವರು ಇದರ ಮುಂದಾಳುಗಳು. ಮೊದಲ ಹತ್ತು ದೇಶಗಳಲ್ಲಿ ಭಾರತವೂ ಒಂದು. ಧಾನ್ಯ, ಬಟ್ಟೆ, ಬಾಡಿಗೆ, ವೈದ್ಯ, ಶಿಕ್ಷಣ ಮುಂತಾದ ನೂರಾರು ಬಾಬುಗಳ ಬೆಲೆಗಳನ್ನು ದೇಶದೇಶಗಳಲ್ಲಿ ಸಂಗ್ರಹಿಸಿ, ಹಣದ ಕೊಳ್ಳುವ ಶಕ್ತಿಯನ್ನು ಅಳೆದರು. 1970ರಲ್ಲಿ ಭಾರತೀಯನ ತಲಾ ಉತ್ಪನ್ನ ವಿನಿಮಯ ದರದಂತೆ ಅಮೆರಿಕದವನದರ ಶೇಕಡಾ 2ರಷ್ಟಿದ್ದರೆ, ಕೊಳ್ಳುವ ಶಕ್ತಿಯಂತೆ ಶೇಕಡಾ 7ರ ಸುಮಾರು. ಬಡತನ ನಿಜವೇ. ಅದರ ಆಳ ಮಾತ್ರ ಮೊದಲು ತಿಳಿದದ್ದಲ್ಲ.

2017ರ ಸುತ್ತಿನ ಫಲಿತಾಂಶ 2020ರಲ್ಲಿ ಹೊರಬಂತು. ಮಾರುಕಟ್ಟೆಯಲ್ಲಿ ಒಂದು ಡಾಲರಿಗೆ 65.12 ರೂಪಾಯಿ ಇದ್ದ ಆ ವರ್ಷ, ಅಮೆರಿಕದಲ್ಲಿ ಒಂದು ಡಾಲರು ಕೊಳ್ಳುವಷ್ಟನ್ನು ಭಾರತದಲ್ಲಿ 20.65 ರೂಪಾಯಿ ಕೊಳ್ಳುತ್ತಿತ್ತು. ಈ ಅಳತೆಯಲ್ಲಿ ಭಾರತ ಜಗತ್ತಿನ ಮೂರನೆಯ ದೊಡ್ಡ ಅರ್ಥವ್ಯವಸ್ಥೆ. ಜಗತ್ತಿನ ಒಟ್ಟು ಉತ್ಪನ್ನದ ಶೇಕಡಾ 6.7 ಭಾಗ. ಆದರೆ ಈ ತಕ್ಕಡಿಯೂ ನಿರ್ದೋಷವಲ್ಲ. 2005ರ ಬೆಲೆಗಳನ್ನು ಹೊಸದಾಗಿ ಸಂಗ್ರಹಿಸಿದಾಗ ಭಾರತ ಮತ್ತು ಚೀನಗಳ ಗಾತ್ರ ಹಿಂದಿನ ಅಂದಾಜಿಗಿಂತ ಶೇಕಡಾ 40ರಷ್ಟು ಕುಗ್ಗಿಹೋಯಿತು. ಯಾರ ಕಣಜವೂ ಬರಿದಾಗಿರಲಿಲ್ಲ, ಅಳತೆ ತಿದ್ದುಪಡಿಯಾಗಿತ್ತು. ಇತ್ತ ವಿಶ್ವಬ್ಯಾಂಕು ದೇಶಗಳನ್ನು ವರ್ಗೀಕರಿಸಲು ಇಂದಿಗೂ ಮೂರು ವರ್ಷಗಳ ವಿನಿಮಯ ದರದ ಸರಾಸರಿಯನ್ನೇ ಆಧರಿಸುತ್ತದೆ. ಆ ಕ್ರಮದಲ್ಲಿ 2007ರ ತಲಾ ಆದಾಯದ ಮೇಲೆ ಭಾರತ ಕಡಿಮೆ ಆದಾಯದ ವರ್ಗದಿಂದ ಕೆಳ-ಮಧ್ಯಮ ವರ್ಗಕ್ಕೆ ಏರಿತು. ಎರಡು ಅಳತೆಗಳಿಗೂ ತಮ್ಮ ತಮ್ಮ ಉಪಯೋಗವಿದೆ. ವಿದೇಶದಿಂದ ತೈಲ ತರಿಸುವವನಿಗೆ ವಿನಿಮಯ ದರ ಬೇಕು. ಮನೆಯ ರೊಟ್ಟಿಯನ್ನು ಹೋಲಿಸುವವನಿಗೆ ಕೊಳ್ಳುವ ಶಕ್ತಿ ಬೇಕು. ಒಂದು ನಯದಿಂದ ಹೇಳಿದ್ದನ್ನು ಸರ್ವನಯಗಳ ಸತ್ಯವೆಂದು ಸಾಧಿಸುವುದು ಏಕಾಂತ.

ನಾಲ್ಕನೆಯ ಒಂದು ಭಾಗದ ಹೆಮ್ಮೆ

ಸಭೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: ಪರಕೀಯರು ಬರುವ ಮುನ್ನ ಜಗತ್ತಿನ ಸಂಪತ್ತಿನ ನಾಲ್ಕನೆಯ ಒಂದು ಭಾಗ ಭಾರತದ್ದಾಗಿತ್ತು. ಇದರ ಮೂಲ ಆಂಗಸ್ ಮ್ಯಾಡಿಸನ್ ಎಂಬ ವಿದ್ವಾಂಸರ ಗಣನೆ. ಅವರ ಪ್ರಕಾರ ಜಾಗತಿಕ ಉತ್ಪನ್ನದಲ್ಲಿ ಭಾರತದ ಪಾಲು 1700ರಲ್ಲಿ ಶೇಕಡಾ 24.4, 1820ರಲ್ಲಿ 16, 1950ರಲ್ಲಿ 4.2. ಅಂಕಿ ಸರಿಯಾಗಿಯೇ ಉದ್ಧೃತವಾಗಿದೆ. ಬಿಟ್ಟುಹೋದದ್ದು ಪಕ್ಕದ ಅಂಕಣ. ಅದೇ 1700ರಲ್ಲಿ ಜಗತ್ತಿನ ಜನರಲ್ಲಿ ಶೇಕಡಾ 27ರಷ್ಟು ಮಂದಿ ಭಾರತದಲ್ಲಿದ್ದರು. ನೂರರಲ್ಲಿ ಇಪ್ಪತ್ತೇಳು ಜನಕ್ಕೆ ಇಪ್ಪತ್ತನಾಲ್ಕು ಪಾಲು ಸಿಕ್ಕರೆ ಅದು ವೈಭವವಲ್ಲ, ಸರಾಸರಿಗಿಂತ ತುಸು ಕಡಿಮೆ. ಮ್ಯಾಡಿಸನ್‌ರ ಲೆಕ್ಕದಲ್ಲಿ ಅಂದಿನ ಭಾರತೀಯನ ತಲಾ ಉತ್ಪನ್ನ 550 ಡಾಲರು, ಬ್ರಿಟನ್ನಿನವನದು 1,250. ಎರಡೂ 1990ರ ಬೆಲೆಯಲ್ಲಿ. ಹಾಗೆಂದು ಪರಕೀಯ ಆಡಳಿತಕ್ಕೆ ಈ ಪಟ್ಟಿ ಪ್ರಶಸ್ತಿಪತ್ರವನ್ನೂ ನೀಡುವುದಿಲ್ಲ. 1820ರಿಂದ 1950ರವರೆಗೆ ಜಗತ್ತಿನ ತಲಾ ಉತ್ಪನ್ನ ಮೂರು ಪಟ್ಟಾದರೆ ಭಾರತದ್ದು 533ರಿಂದ 619ಕ್ಕೆ ಮಾತ್ರ ಏರಿತು.

ಜನಗಣತಿಯೇ ಇಲ್ಲದ ಕಾಲದ ಈ ಅಂಕಿಗಳು ಅಲ್ಪ ಆಧಾರಗಳ ಮೇಲೆ ಕಟ್ಟಿದವು. 2015ರಲ್ಲಿ ಬ್ರಾಡ್‌ಬೆರ್ರಿ, ಕಸ್ಟೋಡಿಸ್ ಮತ್ತು ಬಿಷ್ಣುಪ್ರಿಯಾ ಗುಪ್ತಾ ಪ್ರಕಟಿಸಿದ ಅಧ್ಯಯನ 17 ಮತ್ತು 18ನೆಯ ಶತಮಾನಗಳಲ್ಲಿಯೇ ಭಾರತದ ತಲಾ ಉತ್ಪನ್ನ ಇಳಿಯುತ್ತ ಬಂದಿತೆಂದು ಹೇಳುತ್ತದೆ. ಇತಿಹಾಸದ ಮೇಲಿನ ಅಭಿಮಾನ ಒಳ್ಳೆಯದು. ಒಂದೇ ಅಂಕಣವನ್ನು ಓದಿ ತಳೆದ ಅಭಿಮಾನಕ್ಕೆ ಆಯುಷ್ಯ ಕಡಿಮೆ.

ಎಲ್ಲಿ ಬೆಳೆಯಿತು, ಯಾರಿಗೆ ಸೇರಿತು

ದೇಶೀಯ ಉತ್ಪನ್ನ ಬೇರೆ, ರಾಷ್ಟ್ರೀಯ ಆದಾಯ ಬೇರೆ. ದೇಶದ ಎಲ್ಲೆಯೊಳಗೆ ಉತ್ಪನ್ನವಾದದ್ದು ಮೊದಲನೆಯದು. ಅದಕ್ಕೆ ಹೊರಗಿನಿಂದ ನಿವಾಸಿಗಳಿಗೆ ಬರುವ ಕೂಲಿ, ಬಡ್ಡಿ, ಲಾಭಗಳನ್ನು ಕೂಡಿಸಿ, ಹೊರಗಿನವರಿಗೆ ಸಲ್ಲುವ ಅವನ್ನೇ ಕಳೆದರೆ ಎರಡನೆಯದು. ಭಾರತದಲ್ಲಿ ಬೆಳೆದದ್ದರ ಒಂದು ಪಾಲು ಪ್ರತಿಫಲವಿಲ್ಲದೆ ಇಂಗ್ಲೆಂಡಿಗೆ ಹರಿಯುತ್ತಿದೆಯೆಂದು ನವರೋಜಿ ವಾದಿಸಿದ್ದು ಈ ಭೇದಕ್ಕೆ ಹತ್ತಿರವಾದ ಮಾತು. ಶೇಡಬಾಳದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಗವಾಡದ ಆಚೆ ರಾಜ್ಯದ ಗಡಿ. ಈಚೆಯ ಕಬ್ಬು ಎಷ್ಟೋ ಸಲ ಆಚೆಯ ಕಾರಖಾನೆಗಳಲ್ಲಿ ಅರೆಯಲ್ಪಡುತ್ತದೆ. ಕಬ್ಬಿನ ಬೆಲೆ ಕರ್ನಾಟಕದ ಲೆಕ್ಕಕ್ಕೆ, ಸಕ್ಕರೆಯಾದಾಗ ಕೂಡುವ ಮೌಲ್ಯ ಮಹಾರಾಷ್ಟ್ರದ ಲೆಕ್ಕಕ್ಕೆ. ಗಡಿ ದಾಟಿ ಮಿರಜಿಗೆ ಹೋಗಿ ದುಡಿದು ಸಂಜೆ ರೈಲಿಗೆ ಮರಳುವವನ ದುಡಿಮೆ ಒಂದು ರಾಜ್ಯದ ಉತ್ಪನ್ನ, ಇನ್ನೊಂದು ರಾಜ್ಯದ ಮನೆಯ ಅನ್ನ.

ಲೆಕ್ಕಕ್ಕೆ ಬಾರದ ದುಡಿಮೆಯೂ ಇದೆ. ನಿಪ್ಪಾಣಿಯ ಹೆಣ್ಣುಮಗಳು ಕೂಲಿಗೆ ಸುತ್ತಿದ ಬೀಡಿ ರಾಷ್ಟ್ರೀಯ ಆದಾಯದಲ್ಲಿ ಸೇರುತ್ತದೆ. ಮನೆಗೆ ಬಂದು ಅವಳು ಬಡಿದ ರೊಟ್ಟಿ ಸೇರುವುದಿಲ್ಲ. ಅದೇ ರೊಟ್ಟಿಯನ್ನು ಖಾನಾವಳಿಯಲ್ಲಿ ಬಡಿದರೆ ಸೇರುತ್ತದೆ. ಮನೆಗೆಲಸ ಮಾರುಕಟ್ಟೆಗೆ ಸರಿದಂತೆಲ್ಲ ಆದಾಯ ಬೆಳೆದಂತೆ ಕಾಣುತ್ತದೆ. ತಿನ್ನುವ ರೊಟ್ಟಿ ಅಷ್ಟೇ ಇರಬಹುದು.

ಉಪಸಂಹಾರ

ರಾಷ್ಟ್ರದ ಆದಾಯದ ಅಂಕಿಯನ್ನು ಕಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಉಚಿತ. ಯಾವ ಎಲ್ಲೆಯ ಲೆಕ್ಕ? ಯಾವ ವರ್ಷದ ಬೆಲೆ? ಯಾವ ನಾಣ್ಯ, ಯಾವ ವಿನಿಮಯ? ಎಷ್ಟು ಜನಕ್ಕೆ ಹಂಚಿದ್ದು? ಈ ನಾಲ್ಕನ್ನೂ ಮರೆಮಾಚಿ ಹೇಳಿದ ಅಂಕಿ ಹೀನಾಧಿಕಮಾನೋನ್ಮಾನದ ಸಾಲಿಗೆ ಸೇರುತ್ತದೆ.

ಇದು ಅರ್ಥಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟ ವಿಷಯವೂ ಅಲ್ಲ. ಕ್ರಿ.ಶ. 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ ಬೆಳಗಾವಿಯ ರಟ್ಟ ಜಿನಾಲಯಕ್ಕೆ ದತ್ತಿ ಬಿಟ್ಟಾಗ ಭೂಮಿಯನ್ನು ಕೊಟ್ಟರು. ಅದರೊಡನೆ ವರ್ತಕರು ತಮ್ಮ ತಮ್ಮ ಸರಕಿನಲ್ಲಿ ಪಾಲು ಗೊತ್ತುಮಾಡಿದರು. ಸರಕಿನ ಪಾಲು ಧಾರಣೆಯೊಡನೆ ತಾನೂ ಏರುತ್ತದೆ. ದೀಪದ ಎಣ್ಣೆಗೆ ಕೊರತೆ ಬಾರದು. ಇಪ್ಪತ್ತನೆಯ ಶತಮಾನದ ದಾನಿಗಳು ರೂಪಾಯಿಯನ್ನೇ ಶಾಶ್ವತವೆಂದು ನಂಬಿ ನೂರೊಂದು, ಐನೂರೊಂದು ಎಂದು ಶಾಶ್ವತ ಪೂಜಾ ನಿಧಿಗಳನ್ನು ಇಟ್ಟರು. ಅಂದು ವರ್ಷದ ಪೂಜೆಗೆ ಸಾಕಾಗುತ್ತಿದ್ದ ಬಡ್ಡಿ ಇಂದು ಒಂದು ತೆಂಗಿನಕಾಯಿಗೂ ಸಾಲದು. ದಾನಿಯ ಹೆಸರು ಕಲ್ಲಿನ ಮೇಲಿದೆ, ಮೊತ್ತ ಪುಸ್ತಕದಲ್ಲಿ ಒಂದು ಪೈಸೆಯೂ ಕುಂದದೆ ಇದೆ, ಪೂಜೆ ಮಾತ್ರ ನಿಂತಿದೆ. ಬಸದಿಯ ವಿಶ್ವಸ್ತರು ವಾರ್ಷಿಕ ವರದಿಯಲ್ಲಿ ಪ್ರತಿಯೊಂದು ನಿಧಿಯ ಮೊತ್ತದ ಪಕ್ಕದಲ್ಲಿ, ಅದು ಇಡಲ್ಪಟ್ಟ ವರ್ಷ ಎಷ್ಟು ಅಕ್ಕಿ ಮತ್ತು ಎಣ್ಣೆ ಕೊಳ್ಳುತ್ತಿತ್ತು, ಈಗ ಎಷ್ಟು ಕೊಳ್ಳುತ್ತದೆ ಎಂಬ ಎರಡು ಅಂಕಣಗಳನ್ನು ಸೇರಿಸಲಿ. ಕೊರತೆ ಎಷ್ಟೆಂಬುದು ಆಗ ಸಮಾಜಕ್ಕೆ ತಿಳಿಯುತ್ತದೆ. ತುಂಬಿಕೊಡುವವರು ಮುಂದೆ ಬರುತ್ತಾರೆ. ಮಹಾವೀರಾಚಾರ್ಯರು ಹಾಕಿಕೊಟ್ಟ ಕ್ರಮವೂ ಇದೇ: ಮೊದಲು ಅಳತೆ, ಬಳಿಕ ಲೆಕ್ಕ.